ಗೋವಿನಜೋಳಕ್ಕ ಹೊಡಿಯೋ ಎಮಾಮೆಕ್ಟಿನ್, ಆಕಳಿಗೆ ಚುಚ್ಚೋ ಐವರ್ಮೆಕ್ಟಿನ್: ಎರಡೂ ಒಂದ ಏನ್ರಿ?

ಎರಿಹೊಲ, ರಾಣೆಬೆನ್ನೂರು

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ರಾಣೆಬೆನ್ನೂರು ತಾಲೂಕಿನಾಗ ನಾಲ್ಕು ಎಕರೆ ಎರಿ ಹೊಲ. ಮೂರು ಎಕರೆಕ್ಕ ಗೋವಿನಜೋಳ ಹಾಕೀವಿ, ಉಳಿದಿದ್ದರಾಗ ಮೇವು, ಒಂದಿಷ್ಟು ಬಳ್ಳೊಳ್ಳಿ. ಬಿತ್ತಿ ಇವತ್ತಿಗೆ ಮೂವತ್ತೆರಡು ದಿನ. ಸುಳಿಯೊಳಗ ಲದ್ದಿಹುಳ ಕುಂತಾವ. 2018ರಾಗ ಈ ಹುಳ ನಮ್ಮ ಕಡೆ ಮೊದಲ ಸಲ ಬಂದಾಗ ಇದು ಏನಂತ ತಿಳಿಯೋದ್ರಾಗ ಅರ್ಧ ಹೊಲ ಜರಡಿ ಆಗಿತ್ತು. ಅವತ್ತಿನಿಂದ ಪ್ರತಿ ಮುಂಗಾರಿಗೂ ಇದರ ಜೋಡಿನ ನಮ್ಮ ಹೊಡದಾಟ.

ಈ ಸಲ ಅಂಗಡಿಯವರು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅನ್ನೋ ಪುಡಿ ಕೊಟ್ಟರು. "ಇದು ಮಣ್ಣಾಗಿನ ಜೀವಾಣುವಿಂದ ತಯಾರಾಗಿದ್ದು, ಒಂಥರಾ ಸಾವಯವನ ಅನ್ರಿ, ಎಷ್ಟು ಹೊಡದ್ರೂ ಏನೂ ಆಗಂಗಿಲ್ಲ" ಅಂದರು. ಮೊದಲನೇ ಸಲ ಸಂಜಿಮುಂದ ಹೊಡದೆ, ಚಲೋ ಕೆಲಸ ಮಾಡ್ತು. ಹತ್ತು ದಿನ ಬಿಟ್ಟು ಎರಡನೇ ಸಲ ಹೊಡದೆ. ಅವತ್ತ ಆಳು ಸಿಕ್ಕಿದ್ದ ಹನ್ನೊಂದಕ್ಕ, ಕಡಕ್ ಬಿಸಲಾಗ ಹೊಡಿಸಿದೆ. ಮರುದಿನ ಮುಂಜಾನೆ ಹೋಗಿ ಸುಳಿ ಬಿಚ್ಚಿ ನೋಡಿದ್ರ ಹುಳ ಇನ್ನೂ ಹೊಳ್ಳಾಡಾಕತ್ತಿದ್ದವು. ರೊಕ್ಕ ನೀರಿಗೆ ಹಾಕಿದಂಗ ಆತಲ್ಲ ಅಂತ ಸಂಕಟ ಆತು.

ಅದೇ ವಾರ ನಮ್ಮ ಎಚ್‌ಎಫ್ ತಳಿ ಆಕಳಿಗೆ ಉಣ್ಣಿ ಭಾಳ ಆಗ್ಯಾವಂತ ಡಾಕ್ಟರನ್ನ ಕರಿಸಿದ್ವಿ. ಆಕಳು ಗಬ್ಬ ಐತಿ, ಹಾಲು ಬತ್ತಿಸೇವಿ. ಅವರು ಕೊಟ್ಟ ಚುಚ್ಚುಮದ್ದಿನ ಬಾಟಲಿ ಮ್ಯಾಲೆ ಐವರ್ಮೆಕ್ಟಿನ್ ಅಂತ ಇತ್ತು. ಹತ್ತನೇತ್ತೆ ಓದೋ ನನ್ನ ಮಗಳು ಆ ಬಾಟಲಿ ಮತ್ತ ಹೊಲಕ್ಕ ಹೊಡಿಯೋ ಈ ಎಣ್ಣಿ (ಹುಳದ ಔಷಧ) ಪಾಕೀಟು ಎರಡೂ ಕೈಯಾಗ ಹಿಡಕೊಂಡು "ಅಪ್ಪಾ, ಎರಡರಾಗೂ ಮೆಕ್ಟಿನ್ ಐತಿ ನೋಡು" ಅಂದಳು. ನನಗ ಅವತ್ತ ರಾತ್ರಿ ನಿದ್ದಿ ಬರಲಿಲ್ಲ. ಹೊಲದ ಹುಳ ಸಾಯಿಸೋ ವಿಷಾನ ಆಕಳ ಮೈಯಾಗ ಹೋತಾ? ಹಂಗಿದ್ರ ಆಕಳು ಯಾಕ ಸಾಯಲಿಲ್ಲ? ಜೀವಾಣುವಿಂದ ಮಾಡಿದ್ದು ಅಂದ್ರ ಖರೇನ ಸಾವಯವ ಏನು? ಎರಡನೇ ಸಲ ಯಾಕ ಕೆಲಸ ಮಾಡಲಿಲ್ಲ? ತಿಳಿದವರು ದಯವಿಟ್ಟು ಬಿಡಿಸಿ ಹೇಳ್ರಿ. ಮಗಳೂ ಓದ್ತಾಳ.


ತುಂಗೆಯ ದಂಡೆ, ಶಿವಮೊಗ್ಗ

ಸಾವಯವದ ಪ್ರಶ್ನೆಗೆ ಮಾತ್ರ ನಾನು ಉತ್ತರ ಹೇಳ್ತೇನೆ, ಯಾಕೆಂದರೆ ಅದಕ್ಕೆ ಬೆಲೆ ತೆತ್ತವನು ನಾನು. ನನಗೂ ಒಬ್ಬರು ಇದೇ ಮಾತು ಹೇಳಿದ್ದರು. ನಂಬಿ ಬದನೆಗೆ ಎಮಾಮೆಕ್ಟಿನ್ ಹೊಡೆದೆ, ಬಚ್ಚಿಡುವಂಥದ್ದು ಏನಿದೆ ಅಂತ ದಾಖಲೆ ಪುಸ್ತಕದಲ್ಲೂ ಬರೆದೆ. ಸಾವಯವ ಪ್ರಮಾಣಪತ್ರದ ತಪಾಸಣೆಗೆ ಬಂದವರು ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆ ತಾಕಿನ ಪರಿವರ್ತನೆಯ ಅವಧಿ, ಅಂದರೆ ಪ್ರಮಾಣಪತ್ರ ಸಿಗುವ ಮೊದಲು ಸಾವಯವವಾಗಿ ಕಳೆಯಬೇಕಾದ ಕಾಲ, ಮತ್ತೆ ಮೊದಲಿನಿಂದ ಶುರುವಾಯಿತು. ಎರಡು ವರ್ಷದ ಶ್ರಮ ಹೋಯಿತು.

ಇದೇ ಥರ ಮಣ್ಣಿನ ಜೀವಾಣುವಿನಿಂದ ಬರುವ ಸ್ಪಿನೊಸ್ಯಾಡ್‌ಗೆ ಅಮೆರಿಕ, ಯುರೋಪಿನ ಸಾವಯವ ನಿಯಮಗಳಲ್ಲಿ ಅವಕಾಶ ಇದೆ. ಎಮಾಮೆಕ್ಟಿನ್‌ಗೆ ಇಲ್ಲ. ಎರಡೂ ಜೀವಾಣುವಿನದ್ದೇ ಆದಮೇಲೆ ಈ ಭೇದ ಯಾಕೆ ಅಂತ ನನಗೂ ಇವತ್ತಿನವರೆಗೆ ಸರಿಯಾಗಿ ತಿಳಿದಿಲ್ಲ. ಗೊತ್ತಿದ್ದವರು ಹೇಳಿ. ನೀವು ಪ್ರಮಾಣಪತ್ರ ಇಟ್ಟುಕೊಂಡವರಾದರೆ ಯಾವ ಪೊಟ್ಟಣವನ್ನೇ ಆಗಲಿ ಒಡೆಯುವ ಮೊದಲು ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಬರವಣಿಗೆಯಲ್ಲಿ ಕೇಳಿ.


ಹುದುಗುತೊಟ್ಟಿ, ಮೈಸೂರು

ತಮ್ಮಾ, ಮೊದಲು ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಹೆಸರಿನ ಬಾಲ ಹಿಡಿದು ಅವಳು ಸರಿಯಾದ ಮನೆ ಬಾಗಿಲಿಗೇ ಹೋಗಿ ನಿಂತಿದ್ದಾಳೆ. ಎಮಾಮೆಕ್ಟಿನ್, ಐವರ್ಮೆಕ್ಟಿನ್ ಎರಡೂ ಒಂದೇ ತಾಯಿಯ ಮಕ್ಕಳು. ಆದರೆ ಅಕ್ಕತಂಗಿಯರು, ಒಬ್ಬಳೇ ಅಲ್ಲ.

ನಾನು ಬೆಂಗಳೂರಿನ ಹೊರವಲಯದ ಒಂದು ಔಷಧ ಕಾರ್ಖಾನೆಯ ಫರ್ಮೆಂಟೇಶನ್ ವಿಭಾಗದಲ್ಲಿ 26 ವರ್ಷ ಇದ್ದು ನಿವೃತ್ತಿಯಾದವಳು. ನಿಮ್ಮ ಈ ಔಷಧಿಯನ್ನು ನಾವು ಮಾಡುತ್ತಿರಲಿಲ್ಲ. ನಮ್ಮದು ಟ್ಯಾಕ್ರೊಲಿಮಸ್, ಅಂದರೆ ಕಿಡ್ನಿ ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಎಂದು ನುಂಗುವ ಮಾತ್ರೆಯೊಳಗಿನ ಮದ್ದು. ಅದನ್ನು ಮಾಡುವುದೂ ಮಣ್ಣಿನ ಜೀವಾಣುವೇ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕಿತು. ನಿಮ್ಮ ಮೆಕ್ಟಿನ್‌ಗಳ ತಾಯಿಯೂ ಜಪಾನಿನವಳೇ, ಜೀವಾಣುವಿನ ಕುಲವೂ ಒಂದೇ: ಸ್ಟ್ರೆಪ್ಟೊಮೈಸಿಸ್. ಹಾಗಾಗಿ ಇದು ನನಗೆ ಪಕ್ಕದ ಮನೆಯ ವಿಷಯ ಇದ್ದಂತೆ.

ಈ ಕುಲವನ್ನು ನೀವು ಕಣ್ಣಿನಿಂದ ನೋಡಿರಲಿಕ್ಕಿಲ್ಲ, ಮೂಗಿನಿಂದ ಖಂಡಿತ ಬಲ್ಲಿರಿ. ರೋಹಿಣಿ ಮಳೆಯ ಮೊದಲ ಹನಿ ಬಿದ್ದಾಗ ನಿಮ್ಮ ಎರಿ ಹೊಲದಿಂದ ಏಳುವ ವಾಸನೆ ಇದೆಯಲ್ಲ, ಅದರಲ್ಲಿ ಮುಖ್ಯ ಪಾಲು ಜಿಯೊಸ್ಮಿನ್ ಎಂಬ ವಸ್ತುವಿನದು. ಅದನ್ನು ಹೆಚ್ಚಾಗಿ ಮಾಡುವುದು ಈ ಸ್ಟ್ರೆಪ್ಟೊಮೈಸಿಸ್‌ಗಳು. ನಮ್ಮ ಕಾರ್ಖಾನೆಯಲ್ಲಿ ಟ್ಯಾಂಕು ಚೆನ್ನಾಗಿ ನಡೆಯುತ್ತಿದ್ದ ರಾತ್ರಿಗಳಲ್ಲಿ, ಹೊರಗೆ ಕಡು ಬೇಸಿಗೆ ಇದ್ದರೂ, ಒಳಗೆ ಮಳೆ ಬಂದ ಹೊಲದ ವಾಸನೆ ಇರುತ್ತಿತ್ತು.

ಈಗ ಆ ತಾಯಿಯ ಕಥೆ. 1970ರ ದಶಕದಲ್ಲಿ ಟೋಕಿಯೊದ ಕಿತಾಸಾಟೊ ಸಂಸ್ಥೆಯ ಸಾತೋಶಿ ಒಮುರಾ ಮತ್ತು ಅವರ ತಂಡದವರು ಹೋದಲ್ಲೆಲ್ಲ ಚೀಲದಲ್ಲಿ ಚಿಟಿಕೆ ಮಣ್ಣು ತುಂಬಿಕೊಂಡು ಬರುತ್ತಿದ್ದರು. ಶಿಜುವೊಕಾ ಪ್ರಾಂತ್ಯದ ಕವಾನಾ ಎಂಬಲ್ಲಿ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಅವರಿಗೆ ಒಂದು ಸ್ಟ್ರೆಪ್ಟೊಮೈಸಿಸ್ ಸಿಕ್ಕಿತು. ಅದನ್ನು ಅಮೆರಿಕದ ಮರ್ಕ್ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರ ಗುಂಪು, ಹೊಟ್ಟೆಯಲ್ಲಿ ಜಂತುಹುಳು ಇದ್ದ ಇಲಿಗಳಿಗೆ ಈ ಜೀವಾಣು ಬೆಳೆದ ರಸವನ್ನು ಮೇವಿನಲ್ಲಿ ಬೆರೆಸಿ ತಿನ್ನಿಸಿ ನೋಡಿತು. ಹುಳುಗಳು ಮಾಯವಾದವು. ಆ ರಸದಲ್ಲಿದ್ದದ್ದು ಅವರ್ಮೆಕ್ಟಿನ್. 1979ರಲ್ಲಿ ಲೋಕಕ್ಕೆ ತಿಳಿಯಿತು.

ಇಲ್ಲಿಂದ ದಾರಿ ಕವಲೊಡೆಯುತ್ತದೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ. ಜೀವಾಣು ತಾನಾಗಿ ಮಾಡುವ ಅವರ್ಮೆಕ್ಟಿನ್‌ಗಳಲ್ಲಿ ಬಿ1 ಎಂಬುದನ್ನು ಬೇರ್ಪಡಿಸಿದರೆ ಅದು ಅಬಾಮೆಕ್ಟಿನ್. ಗುಲಾಬಿ, ಮೆಣಸಿನಗಿಡದ ನುಸಿಗೆ ಹೊಡೆಯುತ್ತಾರಲ್ಲ, ಅದೇ. ಆ ಅಣುವಿನ ಒಂದು ಜಾಗದಲ್ಲಿ ಎರಡು ಹೈಡ್ರೊಜನ್ ಸೇರಿಸಿದರೆ ಐವರ್ಮೆಕ್ಟಿನ್. 1981ರಲ್ಲಿ ಪ್ರಾಣಿಗಳ ಮದ್ದಾಗಿ ಮಾರುಕಟ್ಟೆಗೆ ಬಂತು. ಅದೇ ಅಬಾಮೆಕ್ಟಿನ್‌ನ ಇನ್ನೊಂದು ತುದಿಯಲ್ಲಿರುವ ಸಕ್ಕರೆಯ ಭಾಗಕ್ಕೆ ಸಾರಜನಕದ ಒಂದು ಕೊಂಡಿ ಹಾಕಿ ಬೆಂಜೊಯೇಟ್ ಲವಣ ಮಾಡಿದರೆ ಎಮಾಮೆಕ್ಟಿನ್ ಬೆಂಜೊಯೇಟ್. ಇಷ್ಟು ಸಣ್ಣ ಬದಲಾವಣೆಯಿಂದಲೇ ಅದು ಎಲೆ ತಿನ್ನುವ ಪತಂಗದ ಹುಳುಗಳ ಮೇಲೆ ತಾಯಿಗಿಂತ ಬಹಳ ಹರಿತವಾಯಿತು.

ತುಂಗೆಯ ದಂಡೆಯವರೇ, ನಿಮ್ಮ ಭೇದಕ್ಕೂ ಉತ್ತರ ಇದೇ. ಸ್ಪಿನೊಸ್ಯಾಡ್ ಅನ್ನು ಜೀವಾಣು ಮಾಡಿದ ಹಾಗೆಯೇ ಸೋಸಿ, ಶುದ್ಧ ಮಾಡಿ ಮಾರುತ್ತಾರೆ. ಆ ಜೀವಾಣು 1982ರಲ್ಲಿ ಕೆರಿಬಿಯನ್ ದ್ವೀಪವೊಂದರ ಪಾಳುಬಿದ್ದ ರಮ್ ಕಾರ್ಖಾನೆಯ ಮಣ್ಣಿನಲ್ಲಿ ಸಿಕ್ಕಿದ್ದು. ಎಮಾಮೆಕ್ಟಿನ್‌ನಲ್ಲಿ ಅರ್ಧ ಕೆಲಸ ಜೀವಾಣುವಿನದು, ಉಳಿದರ್ಧ ರಸಾಯನಶಾಸ್ತ್ರಜ್ಞರದು. ಅದಕ್ಕೇ ಸಾವಯವದ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಜೀವಾಣು ಮಾಡಿದ್ದೆಲ್ಲ ಸೌಮ್ಯ ಎಂಬ ಮಾತಂತೂ ಪೂರಾ ತಪ್ಪು. ಮನುಷ್ಯನಿಗೆ ಗೊತ್ತಿರುವ ವಿಷಗಳಲ್ಲೇ ಅತಿ ಘೋರವಾದ ಬಾಟುಲಿನಮ್ ವಿಷವನ್ನು ಮಾಡುವುದೂ ಒಂದು ಬ್ಯಾಕ್ಟೀರಿಯವೇ. ಅಂಗಡಿಯವರು ಹೇಳಿದ "ಎಷ್ಟು ಹೊಡದ್ರೂ ಏನೂ ಆಗಂಗಿಲ್ಲ" ಎಂಬುದನ್ನು ದಯವಿಟ್ಟು ಮರೆತುಬಿಡಿ.

ಆಕಳು ಯಾಕೆ ಸಾಯಲಿಲ್ಲ? ಹುಳುಗಳ ನರ ಮತ್ತು ಸ್ನಾಯುಗಳಲ್ಲಿ ಗ್ಲುಟಮೇಟ್ ಎಂಬ ಸಂದೇಶಕ್ಕೆ ತೆರೆದು ಮುಚ್ಚುವ ಸಣ್ಣ ಬಾಗಿಲುಗಳಿವೆ, ಅವುಗಳಿಂದ ಕ್ಲೋರೈಡ್ ಒಳಗೆ ಹೋಗುತ್ತದೆ. ಮೆಕ್ಟಿನ್‌ಗಳು ಆ ಬಾಗಿಲನ್ನು ತೆರೆದಿಟ್ಟು ಮುಚ್ಚಲು ಬಿಡುವುದಿಲ್ಲ. ಹುಳುವಿನ ನರ ಮಂಕಾಗುತ್ತದೆ, ಸ್ನಾಯು ಸಡಿಲವಾಗುತ್ತದೆ, ಬಾಯಿ ಆಡುವುದಿಲ್ಲ. ಈ ಬಗೆಯ ಬಾಗಿಲು ಆಕಳಿಗೂ ಇಲ್ಲ, ನಮಗೂ ಇಲ್ಲ. ನಮ್ಮ ಮಿದುಳಿನಲ್ಲಿ ಇದನ್ನು ಹೋಲುವ ಬೇರೆ ಬಾಗಿಲುಗಳಿವೆ, ಆದರೆ ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಕಾವಲಿದೆ. ಮದ್ದಿನ ಅಳತೆಯಲ್ಲಿ ಕೊಟ್ಟಾಗ ಆ ಕಾವಲು ತಡೆಯುತ್ತದೆ. ಅಳತೆ ಮೀರಿದರೆ ಕಾವಲೂ ಸೋಲುತ್ತದೆ.

ಎರಡನೇ ಸಲ ಕೆಲಸ ಮಾಡಲಿಲ್ಲ ಎಂದು ನೀವು ತೀರ್ಮಾನಿಸಿದ್ದು ಸ್ವಲ್ಪ ಅವಸರವೂ ಹೌದು, ಸ್ವಲ್ಪ ನಿಜವೂ ಹೌದು. ಮೇಲೆ ಹೇಳಿದಂತೆ ಈ ಮದ್ದು ತಿಂದ ಹುಳು ಕೆಲವು ಗಂಟೆಗಳಲ್ಲಿ ಮೇಯುವುದನ್ನು ಬಿಡುತ್ತದೆ, ಆದರೆ ಸಾಯಲು 2ರಿಂದ 4 ದಿನ ಹಿಡಿಯುತ್ತದೆ. ಮರುದಿನ ಮುಂಜಾನೆ ಹೊರಳಾಡುತ್ತಿದ್ದ ಹುಳುಗಳಲ್ಲಿ ಎಷ್ಟೋ ಆಗಲೇ ಬಾಯಿ ಕಟ್ಟಿಕೊಂಡವು ಇರಬೇಕು. ನೋಡಬೇಕಾದ್ದು ಹುಳು ಅಲ್ಲಾಡುತ್ತಿದೆಯೋ ಇಲ್ಲವೋ ಎಂದಲ್ಲ, ಸುಳಿಯಲ್ಲಿ ಹೊಸ ಹಿಕ್ಕೆ ಇದೆಯೋ ಇಲ್ಲವೋ ಎಂದು. ಹಸಿ ಮರದ ಪುಡಿಯಂತೆ ತೇವವಾಗಿದ್ದರೆ ಇನ್ನೂ ತಿನ್ನುತ್ತಿದೆ. ಒಣಗಿ ಬೆರಳಿಗೆ ಉದುರಿದರೆ ನಿಲ್ಲಿಸಿದೆ.

ಬಿಸಿಲಿನಲ್ಲಿ ಹೊಡೆದದ್ದು ಮಾತ್ರ ತಪ್ಪೇ. ಎಲೆಯ ಮೇಲೆ ತೆಳುವಾಗಿ ಕೂತ ಮೆಕ್ಟಿನ್ ಬಿಸಿಲಿಗೆ ಬೇಗ ಮುರಿಯುತ್ತದೆ. ಎಲೆಯ ಒಳಪದರಕ್ಕೆ ಇಳಿದದ್ದು ಮಾತ್ರ ಹಲವು ದಿನ ಉಳಿದು ಕೆಲಸ ಮಾಡುತ್ತದೆ, ಇಳಿಯಲು ಅದಕ್ಕೆ ತಂಪು ಹೊತ್ತು ಬೇಕು. ಈ ಹುಳು ಸುಳಿಯಿಂದ ಹೊರಬಂದು ಓಡಾಡುವುದೂ ಸಂಜೆಯ ಮೇಲೆಯೇ. ಸಂಜೆ ಹೊಡೆಯಿರಿ, ನಾಜಲ್ ಅನ್ನು ಸುಳಿಯ ಬಾಯಿಗೆ ನೇರವಾಗಿ ಹಿಡಿಯಿರಿ. ದೊಡ್ಡ ಹುಳು ತನ್ನ ಹಿಕ್ಕೆಯನ್ನೇ ಬಿರಡೆಯಂತೆ ಮೇಲೆ ಒತ್ತಿಕೊಂಡು ಕೆಳಗೆ ಕೂತಿರುತ್ತದೆ, ಅಲ್ಲಿಗೆ ಯಾವ ಎಣ್ಣೆಯೂ ಇಳಿಯುವುದು ಕಷ್ಟ. ಹೊಡೆಯುವುದಾದರೆ ಹುಳು ಚಿಕ್ಕದಿದ್ದಾಗಲೇ.

ಅಳತೆಯ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ಮಗಳಿಗೆ ಮಾಡಲು ಕೊಡಿ. ಲೀಟರ್ ನೀರಿಗೆ 0.4 ಗ್ರಾಂ ಪುಡಿ, ಎಕರೆಗೆ 200 ಲೀಟರ್ ನೀರು. ಅಲ್ಲಿಗೆ ಎಕರೆಗೆ 80 ಗ್ರಾಂ ಪುಡಿ. ಆ ಪುಡಿಯಲ್ಲಿ ನಿಜವಾದ ಮದ್ದು ನೂರಕ್ಕೆ 5 ಪಾಲು. ಅಂದರೆ 40 ಗುಂಟೆಗೆ ಬರೀ 4 ಗ್ರಾಂ! ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಯಷ್ಟು. ಅಂಥ ಹರಿತದ ವಸ್ತುವನ್ನು ಕಣ್ಣಂದಾಜಿನಲ್ಲಿ ಬಾಟಲಿ ಮುಚ್ಚಳದಲ್ಲಿ ಸುರಿಯಬಾರದು. 16 ಲೀಟರಿನ ಪಂಪಿಗೆ 6.4 ಗ್ರಾಂ. ಇಂಥ ಪುಡಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲೋ ಕಿರಾಣಿ ಅಂಗಡಿಯ ಸಣ್ಣ ತಕ್ಕಡಿಯಲ್ಲೋ ತೂಕ ಹಾಕುವಂತಿಲ್ಲ, ಹಾಗಾಗಿ ಅದೇ ಕಂಪನಿಯ ಅಳತೆ ಚಮಚ ಕೇಳಿ ಪಡೆಯಿರಿ, ಅಡಿಗೆಮನೆಯ ಚಮಚ ಮುಟ್ಟಬೇಡಿ.

ಆ 4 ಗ್ರಾಂ ಎಷ್ಟು ಕಷ್ಟದಿಂದ ಹುಟ್ಟುತ್ತದೆ ಎಂಬುದು ನನಗೆ ಗೊತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕವಾನಾದ ಆ ಜೀವಾಣು ಮೊದಮೊದಲು ಲೀಟರಿಗೆ 9 ಮಿಲಿಗ್ರಾಂ ಮಾತ್ರ ಕೊಡುತ್ತಿತ್ತು. ಅದಕ್ಕೆ ಹಾಕುವ ಊಟ ಬದಲಿಸಿ, ಅತಿನೇರಳೆ ಬೆಳಕಿಗೆ ಒಡ್ಡಿ, ಸಾವಿರಾರು ಸಂತತಿಗಳಲ್ಲಿ ಚೆನ್ನಾಗಿ ಕೊಡುವುದನ್ನೇ ಆರಿಸುತ್ತ ಆರಿಸುತ್ತ ಮುಂದಕ್ಕೆ ತಂದರು. ನಾವು ಬಿತ್ತನೆಗೆ ಒಳ್ಳೆಯ ತೆನೆ ಆರಿಸಿ ಇಡುವ ಹಾಗೆಯೇ.

ನಮ್ಮಲ್ಲಿ ನಡೆಯುತ್ತಿದ್ದುದು ಹೀಗೆ. ಬೆರಳುದ್ದದ ಗಾಜಿನ ನಳಿಗೆಯಲ್ಲಿ ಬೂದಿ ಬಣ್ಣದ ಬೀಜಕಣ. ಅದರಿಂದ ಶೇಕರ್ ಮೇಲಿನ ಫ್ಲಾಸ್ಕಿಗೆ, ಅಲ್ಲಿಂದ ಸೀಡ್ ಟ್ಯಾಂಕಿಗೆ, ಕೊನೆಗೆ ಎರಡು ಅಂತಸ್ತಿನ ದೊಡ್ಡ ಟ್ಯಾಂಕಿಗೆ. ಒಳಗೆ ಸೋಯಾ ಹಿಟ್ಟು, ಗಂಜಿ, ಸಕ್ಕರೆ, ಲವಣಗಳ ರಸ. ಮೊದಲು ಅದನ್ನು ಹಬೆಯಲ್ಲಿ 121 ಡಿಗ್ರಿಗೆ ಕಾಯಿಸಿ ಎಲ್ಲ ಜೀವವನ್ನೂ ಕೊಂದು, 28ಕ್ಕೆ ಆರಿಸಿ, ಆಮೇಲೆ ನಮ್ಮ ಬೀಜ. ಶುದ್ಧ ಗಾಳಿ ಹಗಲುರಾತ್ರಿ ಬುಳುಬುಳು ಹೋಗುತ್ತಲೇ ಇರಬೇಕು. ಮೊದಲ ಎರಡು ದಿನ ಜೀವಾಣು ತಿಂದು ಬೆಳೆಯುತ್ತದೆ, ನಮಗೆ ಬೇಕಾದ್ದನ್ನು ಕೊಡುವುದೇ ಇಲ್ಲ. ಹೊಟ್ಟೆಗೆ ಕಡಿಮೆಯಾಗತೊಡಗಿದ ಮೇಲೆಯೇ ಮದ್ದು ಮಾಡಲು ಶುರುಮಾಡುವುದು. ಹೊಸಬರು ಮೂರನೇ ದಿನ ಸಪ್ಪೆ ಮೋರೆ ಹಾಕಿಕೊಂಡು ಕೂರುತ್ತಿದ್ದರು. ನಾನು ಅವರಿಗೆ ಹೇಳುತ್ತಿದ್ದೆ: ಬತ್ತವೂ ಮೊದಲ ತಿಂಗಳಲ್ಲೇ ಹೊಡೆ ಹಾಯುವುದಿಲ್ಲ, ಕಾಯಿರಿ.

ಒಂದು ರಾತ್ರಿ ಪಾಳಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬ್ಯಾಚಿನ ಆರನೇ ದಿನ. ಎರಡು ಗಂಟೆಯ ಹೊತ್ತಿಗೆ ಆಮ್ಲಜನಕದ ಮುಳ್ಳು ಕಾರಣವಿಲ್ಲದೆ ಇಳಿಯಿತು. ಮಾದರಿ ತೆಗೆಯಲು ಕವಾಟ ತಿರುಗಿಸಿದೆ. ಮಣ್ಣಿನ ವಾಸನೆ ಬರಬೇಕಾದ ಕಡೆ ಹಳಸಿದ ಅನ್ನದ ಹುಳಿ ವಾಸನೆ ಮೂಗಿಗೆ ಬಡಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ನಮ್ಮ ಎಳೆಗಳ ನಡುವೆ ಚಿಕ್ಕಚಿಕ್ಕ ಕಡ್ಡಿಗಳು ಸರಸರ ಈಜುತ್ತಿವೆ. ಬೇರೆ ಬ್ಯಾಕ್ಟೀರಿಯ ನುಗ್ಗಿತ್ತು. ಒಂದು ಕವಾಟದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು, ಅಷ್ಟೇ ಕಾರಣ. ಇಡೀ ಟ್ಯಾಂಕಿಗೆ ಹಬೆ ಬಿಟ್ಟು ಕೊಂದು ಚರಂಡಿ ಶುದ್ಧೀಕರಣಕ್ಕೆ ಹರಿಸಿದೆವು. ಯಾರಿಗೋ ಸಲ್ಲಬೇಕಾದ ಎಷ್ಟು ಮಾತ್ರೆ ಹೋಯಿತು ಎಂದು ನಾನು ಆ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ.

ಈ ವಿದ್ಯೆ ಹೊರಗಿನವರದು ಮಾತ್ರ ಎಂದು ಮಗಳು ತಿಳಿಯಬಾರದು. ನಮ್ಮ ಮೈಸೂರು ಸೀಮೆಯವರೇ ಆದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಪಕ್ಕದ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೊಟಿಕ್ಸ್‌ನಲ್ಲಿದ್ದಾಗ ಹ್ಯಾಮೈಸಿನ್ ಎಂಬ ಬೂಷ್ಟುನಾಶಕ ಮದ್ದು, ಬೆಳೆಗಳ ರೋಗಕ್ಕೆ ಆರಿಯೊಫಂಗಿನ್ ಎರಡೂ ಅಲ್ಲಿಂದ ಬಂದವು. ಹ್ಯಾಮೈಸಿನ್ ಕೊಟ್ಟ ಜೀವಾಣುವಿಗೆ ಊರಿನ ಹೆಸರನ್ನೇ ಇಟ್ಟರು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ.

ಇನ್ನೊಂದು ಮಾತು. ಈಗಾಗಲೇ ಎರಡು ಸಲ ಎಮಾಮೆಕ್ಟಿನ್ ಹೊಡೆದಿದ್ದೀರಿ. ಈ ಬೆಳೆಗೆ ಮೂರನೇ ಸಲ ಅದನ್ನೇ ಹೊಡೆಯಬೇಡಿ. ಬೇಕೇ ಆದರೆ ಸ್ಪಿನೆಟೊರಾಮ್‌ನಂತೆ ನರದ ಬೇರೆ ಬಾಗಿಲಿಗೆ ಕೈ ಹಾಕುವುದನ್ನು ಬಳಸಿ. ಒಂದೇ ಮದ್ದಿನ ಹೊಡೆತಕ್ಕೆ ಬದುಕುಳಿದ ಹುಳುಗಳ ಮಕ್ಕಳು ಮುಂದಿನ ಮುಂಗಾರಿಗೆ ನಿಮ್ಮ ಹೊಲದಲ್ಲೇ ಇರುತ್ತವೆ.


ರೇಷ್ಮೆಗೂಡು, ಶಿಡ್ಲಘಟ್ಟ

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ರಾಣೆಬೆನ್ನೂರಿನ ಅಣ್ಣಾವ್ರೇ, ನಿಮ್ಮ ಸುತ್ತಮುತ್ತ ಯಾರಾದರೂ ಹಿಪ್ಪುನೇರಳೆ ಹಾಕಿದ್ದಾರಾ? ಹಾಕಿದ್ದರೆ ಎಣ್ಣೆ ಹೊಡೆಯುವ ಹಿಂದಿನ ದಿನವೇ ಅವರಿಗೆ ಒಂದು ಫೋನ್ ಮಾಡಿ. ನಿಮ್ಮ ಕಾಲು ಹಿಡಿದು ಕೇಳ್ತೀನಿ ಅನ್ಕೊಳಿ.

ಹೋದ ವರ್ಷ ನೂರೈವತ್ತು ಮೊಟ್ಟೆ ಸಾಕಿದ್ದೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು). ನಾಲ್ಕನೇ ಜ್ವರ, ಅಂದರೆ ಹುಳು ಪೊರೆ ಬಿಡುವ ಹೊತ್ತು, ಎದ್ದು ಮೂರು ದಿನ ಆಗಿತ್ತು. ಹುಳು ಮೇಯುವ ಸದ್ದು ಮನೆ ತುಂಬ ಜಡಿಮಳೆ ಸುರಿದ ಹಾಗೆ ಕೇಳ್ತಿತ್ತು. ಪಕ್ಕದ ಹೊಲದವರು ಬೆಳಿಗ್ಗೆ ಮುಸುಕಿನ ಜೋಳಕ್ಕೆ ಇದೇ ಪುಡಿ ಹೊಡೆದಿದ್ದಾರೆ, ಗಾಳಿ ನಮ್ಮ ತೋಟದ ಕಡೆಗಿತ್ತು. ನಮಗೆ ಗೊತ್ತಿಲ್ಲ, ಮಧ್ಯಾಹ್ನ ಆ ಸಾಲಿನ ಸೊಪ್ಪನ್ನೇ ಕೊಯ್ದು ಹಾಕಿದ್ವಿ. ರಾತ್ರಿ ಎಂಟರ ಹೊತ್ತಿಗೆ ಸದ್ದು ನಿಂತಿತು. ಒಳಗೆ ಹೋಗಿ ದೀಪ ಹಾಕಿದರೆ ಹುಳುಗಳೆಲ್ಲ ತಲೆ ಎತ್ತಿಕೊಂಡು ಅತ್ತಿತ್ತ ಆಡಿಸ್ತಿವೆ, ಬಾಯಿಂದ ಹಸಿರು ನೀರು. ನನ್ನ ಹೆಂಡತಿ ಸ್ಟ್ಯಾಂಡಿನ ಪಕ್ಕ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಮೂರನೇ ದಿನ ಗುಂಡಿ ತೋಡಿ ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿದ್ವಿ. ಪಕ್ಕದವರ ಮೇಲೆ ನನಗೆ ಸಿಟ್ಟಿಲ್ಲ. "ಜೈವಿಕ, ಏನೂ ಆಗಲ್ಲ" ಅಂತ ಅವರಿಗೂ ಯಾರೋ ಹೇಳಿದ್ದರು. ಗೋವಿನಜೋಳದ ಲದ್ದಿಹುಳು, ನಮ್ಮ ರೇಷ್ಮೆಹುಳು ಎರಡೂ ಪತಂಗದ ಮಕ್ಕಳೇ. ಮದ್ದಿಗೆ ಅವೆರಡರ ವ್ಯತ್ಯಾಸ ತಿಳಿಯಲ್ಲ.

ಬಿಟಿ ಪುಡಿಯ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದಿಂದ ಮಾಡಿದ ಹುಳುನಾಶಕ) ವಿಷಯದಲ್ಲೂ ಇದೇ ಎಚ್ಚರ ಬೇಕು. ಆ ಬ್ಯಾಕ್ಟೀರಿಯವನ್ನು ಮೊದಲು ಕಂಡಿದ್ದೇ ರೇಷ್ಮೆಹುಳುವಿನಲ್ಲಿ. 1901ರಲ್ಲಿ ಜಪಾನಿನ ಇಶಿವಾತಾ ಅವರು ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗದಲ್ಲಿ ಅದನ್ನು ಗುರುತಿಸಿದರು. ಹತ್ತು ವರ್ಷದ ಮೇಲೆ ಜರ್ಮನಿಯ ಥುರಿಂಜಿಯದ ಹಿಟ್ಟಿನ ಪತಂಗದಲ್ಲಿ ಸಿಕ್ಕಿ ಆ ಪ್ರಾಂತ್ಯದ ಹೆಸರು ಬಂತು. ಅದರ ಹರಳಿನಂಥ ಪ್ರೋಟೀನು ಕ್ಷಾರ ಇರುವ ಹುಳುವಿನ ಕರುಳಲ್ಲಿ ಕರಗಿ ಕೆಲಸ ಮಾಡುತ್ತೆ. ನಮ್ಮ ಹೊಟ್ಟೆ ಆಮ್ಲದ್ದು, ಅದಕ್ಕೇ ನಮಗೆ ತೊಂದರೆ ಇಲ್ಲ. ರೇಷ್ಮೆಹುಳುವಿಗೆ ಮಾತ್ರ ಅದು ಸಾವು.


ದನದ ಡಾಕ್ಟ್ರು, ಹಾಸನ

ನಿಮ್ಮ ಡಾಕ್ಟರು ಹಾಲು ಬತ್ತಿಸಿದ ಆಕಳಿಗೆ ಕೊಟ್ಟಿದ್ದಾರೆ ಎಂದು ಓದಿ ಸಮಾಧಾನವಾಯಿತು. ಐವರ್ಮೆಕ್ಟಿನ್ ಕೊಬ್ಬಿನಲ್ಲಿ ಕರಗುವ ವಸ್ತು, ಹಿಂಡುವ ಹಸುವಿಗೆ ಕೊಟ್ಟರೆ ಬಹಳ ದಿನ ಹಾಲಿನಲ್ಲಿ ಬರುತ್ತಲೇ ಇರುತ್ತದೆ. ಮೆಡಿಕಲ್ ಅಂಗಡಿಯಿಂದ ತಂದು ನೀವೇ ಚುಚ್ಚುವ ಕೆಲಸ ಮಾಡಬೇಡಿ. ಅಳತೆ ದೇಹದ ತೂಕದ ಮೇಲೆ, ಚರ್ಮದ ಅಡಿಗೆ, 50 ಕಿಲೋಗೆ 1 ಮಿಲಿಯ ಲೆಕ್ಕ. ಕರು ಹಾಕುವ ದಿನಾಂಕವನ್ನು ಡಾಕ್ಟರಿಗೆ ತಿಳಿಸಿ, ಹಾಲು ಯಾವಾಗಿನಿಂದ ಬಳಸಬಹುದು ಎಂದು ಅವರಿಂದಲೇ ಕೇಳಿ ಗೋಡೆಯ ಮೇಲೆ ಬರೆದಿಡಿ.

ಇನ್ನೂ ದೊಡ್ಡ ಭಯ ನನಗೆ ಬೇರೆಯದು. "ಎರಡೂ ಒಂದೇ" ಎಂದು ಯಾರಾದರೂ ಅರ್ಧ ಓದಿ, ಹೊಲದ ಎಮಾಮೆಕ್ಟಿನ್ ಅನ್ನು ಉಣ್ಣೆ ಹೋಗಲಿ ಎಂದು ಹಸುವಿನ ಮೈಗೆ ಬಳಿದಾರು. ಬೇರೆ ಬೆಳೆ ಔಷಧಿಗಳನ್ನು ಹಾಗೆ ಬಳಿದ ಹಸುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲು ನಡುಗಿ, ಜೊಲ್ಲು ಸುರಿಸಿ, ಎರಡು ಹಸುಗಳಲ್ಲಿ ಒಂದು ನನ್ನೆದುರೇ ಹೋಯಿತು. ಎಮಾಮೆಕ್ಟಿನ್‌ಗೆ ಇಂಥದ್ದೇ ಎಂಬ ಪ್ರತಿವಿಷ ಇಲ್ಲ. ಮನುಷ್ಯರ ಹೊಟ್ಟೆಗೆ ಹೋದರೂ ಅಷ್ಟೇ, ತಡಮಾಡದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕು.

ಚುಚ್ಚಿದ ಮದ್ದಿನ ಹೆಚ್ಚು ಪಾಲು ಸಗಣಿಯಲ್ಲೇ ಹೊರಬೀಳುತ್ತದೆ. ಸಗಣಿ ಉಂಡೆ ಕಟ್ಟಿ ಉರುಳಿಸುವ ಜೀರುಂಡೆಗಳ ಮರಿಗಳಿಗೆ ಅದು ಕಂಟಕ. ಉಣ್ಣೆ ಕಂಡಾಗಲೆಲ್ಲ ಕೊಡದೆ, ಕೊಟ್ಟಿಗೆಯ ಗೋಡೆ ಬಿರುಕು ಮುಚ್ಚಿ, ಸಂದಿಗಳನ್ನು ಸುಟ್ಟು ಶುಚಿ ಮಾಡಿ. ಉಣ್ಣೆಯ ಮೊಟ್ಟೆ ಇರುವುದು ಹಸುವಿನ ಮೈಮೇಲಲ್ಲ, ಅಲ್ಲಿ.

ಇದೇ ಐವರ್ಮೆಕ್ಟಿನ್‌ನಿಂದ ಆಫ್ರಿಕದಲ್ಲಿ ಲಕ್ಷಾಂತರ ಜನರ ಕಣ್ಣು ಉಳಿದಿದೆ, ಅದನ್ನೂ ನಿಮ್ಮ ಮಗಳಿಗೆ ಹೇಳಿ. ನದಿ ದಂಡೆಯ ಕಪ್ಪು ನೊಣ ಕಚ್ಚಿ ಬರುವ ಹುಳುವಿನ ರೋಗ, ಕೊನೆಗೆ ಕುರುಡು. 1987ರಲ್ಲಿ ಮರ್ಕ್ ಆ ಮಾತ್ರೆಯನ್ನು ಬೇಕಾದಷ್ಟು ದಿನ ಉಚಿತವಾಗಿ ಕೊಡುತ್ತೇವೆ ಎಂದು ಘೋಷಿಸಿತು. ಒಮುರಾ, ಕ್ಯಾಂಪ್‌ಬೆಲ್ ಇಬ್ಬರಿಗೂ 2015ರ ನೊಬೆಲ್ ಬಂತು. ಆ ವರ್ಷ ಜೊತೆಗೆ ಹಂಚಿಕೊಂಡವರು ಮಲೇರಿಯದ ಮದ್ದು ಕಂಡುಹಿಡಿದ ಚೀನಾದ ಟು ಯೂಯೂ.


ಎರಿಹೊಲ, ರಾಣೆಬೆನ್ನೂರು

ಎಲ್ಲಾರಿಗೂ ಕೈ ಮುಗೀತೀನ್ರಿ. ಅಕ್ಕಾರ, ನೀವು ಹೇಳಿದ ಲೆಕ್ಕ ಮಗಳು ಮಾಡಿದಳು, ನಾಲ್ಕ ಗ್ರಾಂ ಬಂತು. ಇಬ್ಬರೂ ಹೊಲಕ್ಕ ಹೋಗಿ ಒಂದ ಕಡೆ ನಿಲ್ಲದ ಅಡ್ಡಾದಿಡ್ಡಿ ನಡಕೋತ ನೂರು ಗಿಡ ಎಣಿಸಿದ್ವಿ. ಹಸಿ ಹಿಕ್ಕಿ ಇದ್ದಿದ್ದು ಬರೇ ಆರು ಗಿಡದಾಗ. ಮೂರನೇ ಸಲಕ್ಕಂತ ತಂದಿಟ್ಟಿದ್ದ ಪಾಕೀಟು ಒಡಿಲಿಲ್ಲ. ರೇಷ್ಮಿ ಸಾಕೋ ಅಣ್ಣಾರ, ನಿಮ್ಮದು ಓದಿ ಹೊಟ್ಟಿಯಾಗ ಸಂಕಟ ಆತು. ನಮ್ಮಿಂದ ಮೂರು ಹೊಲ ಆಚೆ ಒಬ್ಬರದು ಹಿಪ್ಪುನೇರಳೆ ಐತಿ. ನಂಬರ್ ಇಸ್ಕೊಂಡೀನಿ.

ಎಣಿಸೋವಾಗ ಒಂದು ಹೊಸದು ಕಂಡ್ವಿ. ಕೆಲವು ಹುಳ ಎಲಿ ಮ್ಯಾಲಿನ ತುದಿಗೆ ಬಂದು ಅಂಟಿಕೊಂಡು ಸತ್ತಾವ. ಮೈ ಕಡ್ಡಿ ಆದಂಗ ಸೆಟದೈತಿ, ಮ್ಯಾಲೆ ಸುಣ್ಣ ಹಚ್ಚಿದಂಗ ಬಿಳೆ ಪುಡಿ. ಎರಡು ಹುಳದ ಮ್ಯಾಲೆ ಪುಡಿ ತಿಳಿ ಹಸರು ಆಗೇತಿ. ಎಣ್ಣಿಗೆ ಸತ್ತವು ಹಿಂಗ ಇರಂಗಿಲ್ಲ. ಇದೇನ್ರಿ?


ರೇಷ್ಮೆಗೂಡು, ಶಿಡ್ಲಘಟ್ಟ

ಅಣ್ಣಾವ್ರೇ, ನಮ್ಮಲ್ಲಿ ಇದನ್ನೇ ಹೋಲುವ ರೋಗಕ್ಕೆ ಸುಣ್ಣಕಟ್ಟು ಅಂತಾರೆ. ಚಳಿಗಾಲ, ಮಳೆಗಾಲದಲ್ಲಿ ರೇಷ್ಮೆಹುಳು ಹೀಗೇ ಸುಣ್ಣದ ಕಡ್ಡಿಯಾಗಿ ಸೆಟೆಯುತ್ತೆ, ಬೂಷ್ಟು ರೋಗ ಅದು. ನಿಮ್ಮ ಹುಳುವಿಗೂ ಬೂಷ್ಟು ಹತ್ತಿರಬೇಕು.


ಹುದುಗುತೊಟ್ಟಿ, ಮೈಸೂರು

ಅವರು ಹೇಳಿದ್ದು ಸರಿ. ಬಿಳಿ ಬಂದು ಆಮೇಲೆ ತಿಳಿ ಹಸಿರಾಗುವುದು ಮೆಟರೈಜಿಯಮ್ ರಿಲೆಯಿ ಎಂಬ ಶಿಲೀಂಧ್ರದ ಗುರುತು. ಹಳೆಯ ಹೆಸರು ನೊಮುರಿಯಾ. ಅದರ ಕಣ ಹುಳುವಿನ ಚರ್ಮದ ಮೇಲೆ ಬಿದ್ದು, ಚರ್ಮ ಕರಗಿಸುವ ಕಿಣ್ವಗಳನ್ನು ತಾನೇ ಸುರಿಸಿ, ತೂತು ಮಾಡಿಕೊಂಡು ಒಳಗೆ ಇಳಿಯುತ್ತದೆ. ಮೋಡ ಕವಿದು ತೇವ ಇರುವ ದಿನಗಳಲ್ಲಿ ತಾನಾಗಿ ಹಬ್ಬುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ಶಿಲೀಂಧ್ರದ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ, ಬೇಯಿಸಿದ ಧಾನ್ಯದ ಮೇಲೆ ಇದನ್ನು ಬೆಳೆಸಬಹುದು. ನಿಮಗೆ ಅದು ಹತ್ತಿರವೇ, ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ.

ಆ ಹುಳುಗಳನ್ನು ಕಿತ್ತು ಎಸೆಯಬೇಡಿ, ಆ ಸಾಲಿಗೆ ಬೂಷ್ಟುನಾಶಕ ಹೊಡೆಯಬೇಡಿ. ಹಸಿರಾದ ಒಂದೊಂದು ಹುಳುವಿನಿಂದ ಎಣಿಸಲಾಗದಷ್ಟು ಕಣ ಗಾಳಿಗೆ ಹೋಗುತ್ತವೆ. ಹಿಪ್ಪುನೇರಳೆಯವರಿಗೆ ಇದನ್ನೂ ಒಂದು ಮಾತು ತಿಳಿಸಿ, ಅವರು ಸೊಪ್ಪು ಕೊಯ್ಯುವಾಗ ನೋಡಿಕೊಳ್ಳಲಿ.


ಎರಿಹೊಲ, ರಾಣೆಬೆನ್ನೂರು

ಆತ್ರಿ ಅಕ್ಕಾರ. ಅವರಿಗೆ ಈಗ ಫೋನ್ ಹಚ್ಚಿದ್ದೆ, ತಿಳಿಸೀನಿ. ಮಗಳು ಬಿಳಿ ಹುಳ ಇದ್ದ ಗಿಡಕ್ಕೆಲ್ಲ ಕೆಂಪು ದಾರ ಕಟ್ಯಾಳ, ಆಳು ಮಂದಿಗೆ ಗುರ್ತು ಸಿಗಲಿ ಅಂತ. ನಿನ್ನಿ ಏಳು ಗಿಡ ಇದ್ದವು. ಇವತ್ತ ಮುಂಜಾನೆ ಹನ್ನೊಂದು.